ಇನ್ನೂರ ಇಪ್ಪತ್ತು ಕಿಲೋ ಗಾಳಿ

ಬಣ್ಣದ ಕಾರ್ಖಾನೆಯ ತೂಕದ ಕೋಣೆಯಲ್ಲಿ ಹದಿನೇಳು ವರ್ಷ ಪುಡಿ ತೂಗಿದವಳನ್ನು ಎಲ್ಲರೂ ಗ್ರಾಮಕ್ಕ ಎಂದೇ ಕರೆಯುತ್ತಿದ್ದರು. ಊರು ಕೇರಿಯ ಗ್ರಾಮವಲ್ಲ, ತಕ್ಕಡಿಯ ಗ್ರಾಂ. ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೂ ಅವಳ ಕೈಗೆ ಗೊತ್ತಾಗುತ್ತದೆ, ತಕ್ಕಡಿ ಇರುವುದು ಬರೀ ಸಾಕ್ಷಿ ಹೇಳಲಿಕ್ಕೆ ಎಂದು ಜೊತೆಯವರು ನಗುತ್ತಿದ್ದರು. ಆ ವರ್ಷ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಕೆಲಸ ಖಾಲಿಯಾಯಿತು. ಒಳಗಿನವರೇ ಪರೀಕ್ಷೆ ಬರೆದು ಬರಬಹುದು ಎಂದರು. ಶಾಲೆಯ ರಸಾಯನಶಾಸ್ತ್ರವನ್ನು ಮರೆತು ಇಪ್ಪತ್ತೈದು ವರ್ಷವಾಗಿದ್ದ ಗ್ರಾಮಕ್ಕ ನಲವತ್ತಮೂರನೆಯ ವಯಸ್ಸಿಗೆ ಮತ್ತೆ ಪುಸ್ತಕ ಹಿಡಿದಳು. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪಾಠ ಹೇಳುತ್ತಿದ್ದರು. ಎಂಟು ಮಂದಿ ಕಲಿಯುವವರು, ಎಲ್ಲರೂ ನರೆಗೂದಲಿನವರು.

ಅವಳು ಪುಸ್ತಕ ಹಿಡಿದ ಹೊತ್ತಿಗೇ ಮನೆಯಲ್ಲಿ ಅತ್ತೆಗೆ ಮರುಳು ಹಿಡಿಯತೊಡಗಿತ್ತು.

ಅತ್ತೆ ದರ್ಜಿ. ನಲವತ್ತು ವರ್ಷ ಊರ ಜನಕ್ಕೆ ಬಟ್ಟೆ ಹೊಲಿದ ಕೈ. ಸೀಮೆಸುಣ್ಣದ ಗೆರೆ ಹಾಕದೆ ಕಣ್ಣಳತೆಯಲ್ಲೇ ಕತ್ತರಿ ಆಡಿಸುತ್ತಿದ್ದವಳು. ನಾಲಿಗೆಯೂ ಕತ್ತರಿಯಷ್ಟೇ ಹರಿತ. ಮದುವೆಯಾಗಿ ಬಂದ ಹೊಸದರಲ್ಲಿ ಗ್ರಾಮಕ್ಕನನ್ನು ಮೇಲಿಂದ ಕೆಳಗೆ ನೋಡಿ, “ಭುಜ ಒಂದು ಕಡೆ ಇಳಿದಿದೆ. ಪರವಾಗಿಲ್ಲ, ಹೊಲಿಗೇಲಿ ಮುಚ್ಚಬಹುದು” ಎಂದಿದ್ದಳಂತೆ. ಅಂಥವಳು ಎಂಟು ತಿಂಗಳ ಹಿಂದೆ ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿಬಿಟ್ಟಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಮುಂದಿನ ವಾರ ಮಗನನ್ನು ತೀರಿಹೋದ ಗಂಡನ ಹೆಸರಿನಿಂದ ಕರೆದಳು. ಆಗ ಯಾರೂ ನಗಲಿಲ್ಲ.

ಬೆಳಿಗ್ಗೆ ಹೊತ್ತು ಅವಳ ಸ್ಥಿತಿ ನೋಡುವಂತಿರಲಿಲ್ಲ. ತಲೆ ಹಿಡಿದು ನರಳುವಳು, ಕಾಫಿ ಕೊಟ್ಟರೆ ವಾಂತಿ ಮಾಡುವಳು, “ಈ ಕೋಣೆ ನನ್ನ ತಲೆ ಅದುಮತ್ತೆ, ಹೊರಗೆ ಹಾಕ್ರೋ” ಎಂದು ಕೂಗುವಳು. ಸಂಜೆ ಡಾಕ್ಟರ ಬಳಿ ಕರೆದೊಯ್ದರೆ ಅಷ್ಟರಲ್ಲಿ ತಕ್ಕಮಟ್ಟಿಗೆ ಸರಿಯಾಗಿರುವಳು. ಡಾಕ್ಟರು, “ಅರವತ್ತು ದಾಟಿದ ಮೇಲೆ ಅರಳು ಮರಳು ಅನ್ನೋ ಮಾತೇ ಇದೆಯಲ್ಲಮ್ಮ” ಎಂದು ಮಾತ್ರೆ ಬರೆದರು. ಒಂದು ಮುಂಜಾನೆ ಮಲಗಿದ ಬಟ್ಟೆಯಲ್ಲೇ ರಸ್ತೆಗೆ ಹೋಗಿಬಿಟ್ಟಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಾಗ ನೆಟ್ಟಗೆ ಕೂತು, “ನಾನ್ಯಾಕೆ ಇಲ್ಲಿಗೆ ಬಂದೆ?” ಎಂದು ಇವರನ್ನೇ ಕೇಳಿದಳು. ಅಂದಿನಿಂದ ಗ್ರಾಮಕ್ಕ ಬೆಳಗಿನ ಹೊತ್ತು ಅತ್ತೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದಳು. ಇಬ್ಬರೂ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಮುದುಕಿ ಲಾರಿಯಡಿ ಸಿಕ್ಕರೆ ಯಾರು ಹೊಣೆ?

ನಡುವೆ ಅತ್ತೆ ಹತ್ತು ದಿನ ಮಗಳ ಮನೆಗೆ ಹೋಗಿ ಬಂದಳು. ಅಲ್ಲಿ ಎರಡು ಫ್ರಾಕು ಹೊಲಿದು ಗುಂಡಿಯನ್ನೂ ಹಾಕಿದಳಂತೆ. ನಾದಿನಿ ಫೋನಿನಲ್ಲಿ ಬಿಸಿ ಎಣ್ಣೆ ಹೊಯ್ದ ಹಾಗೆ ಹೇಳಿದಳು. “ಅಮ್ಮನಿಗೆ ಏನೂ ಆಗಿಲ್ಲ ಅತ್ತಿಗೆ. ನಿಮ್ಮ ಮನೇಲೇ ಏನೋ ಇದೆ.”

“ಏನಿದೆ? ನಾನಿದೀನಿ. ಅದೇ ತಾನೆ ನೀವು ಹೇಳೋದು?” ಎಂದು ಗ್ರಾಮಕ್ಕ ಫೋನು ಕುಕ್ಕಿದಳು. ಅತ್ತೆ ಮರಳಿ ಬಂದ ಮೂರನೆಯ ದಿನಕ್ಕೇ ಮತ್ತೆ ಅದೇ ರಾಗ, ಅದೇ ಹಾಡು. ಹಾಗಾದರೆ ಇದು ರೋಗವಲ್ಲ, ತನ್ನ ಮೇಲಿನ ಹಟ ಎಂದು ಗ್ರಾಮಕ್ಕನ ಎದೆ ಕಲ್ಲಾಯಿತು. ಕೊನೆಗೆ ಬಸ್ ಚಾಲಕನಾಗಿದ್ದ ಅವಳ ಗಂಡ, ಕಣ್ಣೊರೆಸಿಕೊಂಡು, ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯ ಕಾಗದಕ್ಕೆ ಸಹಿ ಹಾಕಿದ. ಸೋಮವಾರ ಅವರ ಗಾಡಿ ಬರುವುದೆಂದಾಯಿತು.

ಅದರ ಹಿಂದಿನ ದಿನ ಭಾನುವಾರ, ಮೇಷ್ಟ್ರ ಕೊನೆಯ ಪಾಠ. ಗುರುವಾರ ಪರೀಕ್ಷೆ. ಹೊರಡುವಾಗ ಗ್ರಾಮಕ್ಕ ರಜೆಯಲ್ಲಿದ್ದ ಗಂಡನಿಗೆ ಹೇಳಿದಳು. “ಅತ್ತೆ ಬಟ್ಟೆ, ಹೊದಿಕೆ ಎಲ್ಲಾ ಬಿಸಿನೀರಲ್ಲೇ ಒಗೀರಿ. ಅಲ್ಲಿಯೋರು ಮೂಗು ಮುರೀಬಾರದು.” ಗಂಡ ಗ್ಯಾಸ್ ಗೀಸರ್ ಹಚ್ಚಿದ. ಗ್ರಾಮಕ್ಕ ಅಭ್ಯಾಸದಂತೆ ಅತ್ತೆಯ ಬಾಗಿಲಿಗೆ ಚಿಲಕ ಸಿಕ್ಕಿಸಿ ನಡೆದಳು.

ಮೇಷ್ಟ್ರು ಅಂದು ಓದಿದ್ದನ್ನೆಲ್ಲ ಒಂದು ಸುತ್ತು ತಿರುವಿ ಹಾಕುವವರಿದ್ದರು. ಮೋಲ್, ಕ್ರಿಯೆಯ ಶಕ್ತಿ, ಸಮತೋಲನ, ಮೂರನ್ನೂ ಒಂದೇ ಉದಾಹರಣೆಯಲ್ಲಿ ಕಟ್ಟಿಕೊಡುತ್ತೇನೆ ಎಂದು ಕ್ಯಾಂಟೀನಿನ ಒಲೆಯ ಕಡೆ ಬೆರಳು ತೋರಿದರು.

“ಡಜನ್ ಅಂದ್ರೆ ಹನ್ನೆರಡು. ಮೋಲ್ ಅಂದ್ರೂ ಹಾಗೇ ಒಂದು ಎಣಿಕೆ, ಆದ್ರೆ ಎಣಿಸ್ತಾ ಕೂತ್ರೆ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಮುಗಿಯಲ್ಲ. ಅದಕ್ಕೇ ತೂಗ್ತೀವಿ. ಒಲೆ ಗ್ಯಾಸ್ ಒಂದು ಮೋಲ್ ನಲವತ್ತನಾಲ್ಕು ಗ್ರಾಂ. ಪೂರ್ತಿ ಉರಿಯೋಕೆ ಐದು ಮೋಲ್ ಆಮ್ಲಜನಕ ಬೇಕು. ಗ್ರಾಮಕ್ಕ, ಎಷ್ಟು ತೂಕ?”

“ನೂರಾ ಅರವತ್ತು ಗ್ರಾಂ ಸಾರ್.” ಬರೆಯುವ ಮೊದಲೇ ಉತ್ತರ ಬಂದಿತ್ತು.

“ಗಾಳೀಲಿ ಆಮ್ಲಜನಕ ತೂಕಕ್ಕೆ ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಹಾಗಾದ್ರೆ ಗಾಳಿ?”

“ಸುಮಾರು ಏಳುನೂರು ಗ್ರಾಂ.”

“ಭೇಷ್. ಒಂದು ಸಿಲಿಂಡರ್ ಹದಿನಾಲ್ಕು ಕಿಲೋ ಗ್ಯಾಸಿಗೆ?”

ಗ್ರಾಮಕ್ಕ ಗುಣಿಸಿ ಭಾಗಿಸಿದಳು. “ಇನ್ನೂರ ಇಪ್ಪತ್ತು ಕಿಲೋ ಸಾರ್.” ಹೇಳಿ ತಾನೇ ಬೆರಗಾದಳು. ಗಾಳಿಗೂ ಇಷ್ಟು ಭಾರವೇ?

“ಹೂಂ, ಇನ್ನೂರ ಇಪ್ಪತ್ತು ಕಿಲೋ. ಅದು ಎಲ್ಲಿಂದ ಬರುತ್ತೆ? ಕಿಟಕಿ, ಬಾಗಿಲು, ಗೋಡೆ ತೂತು. ಬರಲಿಲ್ಲ ಅಂದ್ಕೊಳ್ಳಿ. ಐದು ಮೋಲ್ ಬದಲು ಮೂರೂವರೆ ಸಿಕ್ತು. ಗ್ಯಾಸ್ ಉರಿಯೋದು ನಿಲ್ಲಲ್ಲ, ಅರೆಬರೆ ಉರಿಯುತ್ತೆ. ಇಂಗಾಲ ಪೂರ್ತಿ ಉರಿದ್ರೆ ಮೋಲಿಗೆ ಮುನ್ನೂರ ತೊಂಬತ್ತನಾಲ್ಕು ಕಿಲೋಜೌಲ್ ಶಾಖ. ಅರ್ಧಕ್ಕೆ ನಿಂತು ಕಾರ್ಬನ್ ಮಾನಾಕ್ಸೈಡ್ ಆದ್ರೆ ಬರೀ ನೂರಾ ಹತ್ತು. ಉರಿ ನೀಲಿ ಹೋಗಿ ಹಳದಿ, ಮೇಲೆ ಮಸಿ. ನೀರು ಎಷ್ಟೊತ್ತಾದ್ರೂ ಕಾಯಲ್ಲ. ನಾವೇನು ಮಾಡ್ತೀವಿ? ಗುಬಟು ಇನ್ನಷ್ಟು ತಿರುಗಿಸ್ತೀವಿ!”

ಎಲ್ಲರೂ ನಕ್ಕರು. ಗ್ರಾಮಕ್ಕನ ಕೈಯಲ್ಲಿದ್ದ ಪೆನ್ನು ನಿಂತಿತ್ತು. ಅವರ ಗೀಸರಿನ ಗುಬಟು ಎರಡು ತಿಂಗಳಿಂದ ಕೊನೆಯ ಗೆರೆಯಲ್ಲಿತ್ತು. “ಈ ಹಾಳಾದ್ದು ಉಗುರು ಬೆಚ್ಚಗೂ ಮಾಡಲ್ಲ” ಎಂದು ಗಂಡ ದಿನಾ ಬೈಯುತ್ತಿದ್ದ. ಅದರ ನೆತ್ತಿಯ ಮೇಲಿನ ಮಸಿಯನ್ನು ಅವಳು ವಾರಕ್ಕೊಮ್ಮೆ ಒರೆಸುತ್ತಿದ್ದಳು.

ಮೇಷ್ಟ್ರು ಹಲಗೆಯ ಮೇಲೆ ಎದುರುಬದುರಾಗಿ ಎರಡು ಬಾಣ ಬರೆದರು. “ಈಗ ಸಮತೋಲನ. ನಮ್ಮ ರಕ್ತ ಆಮ್ಲಜನಕಾನ ಹಿಡಿಯುತ್ತೆ, ಬಿಡುತ್ತೆ, ಹಿಡಿಯುತ್ತೆ, ಬಿಡುತ್ತೆ. ಎರಡೂ ಕಡೆ ಬಾಗಿಲು ತೆರೆದ ಮನೆ. ಆದ್ರೆ ಮಾನಾಕ್ಸೈಡನ್ನ ಇನ್ನೂರು ಪಟ್ಟು ಗಟ್ಟಿಯಾಗಿ ಹಿಡಿಯುತ್ತೆ. ಅದು ಬಂದು ಕೂತ್ರೆ ಆಮ್ಲಜನಕಕ್ಕೆ ಜಾಗಾನೇ ಇಲ್ಲ. ವಾಸನೆಯಿಲ್ಲ, ಬಣ್ಣ ಇಲ್ಲ. ತಲೆನೋವು, ವಾಂತಿ, ಮರೆವು. ಯಾರನ್ನೋ ಯಾರೋ ಅನ್ನೋದು. ಮನೆಯಿಂದ ಹೊರಗೆ ಹೋದ್ರೆ ಬಾಣ ಈ ಕಡೆ ತಿರುಗುತ್ತೆ, ಸರಿಹೋಗ್ತಾರೆ. ವಾಪಸ್ ಬಂದ್ರೆ ಮತ್ತೆ ಶುರು. ಎಷ್ಟೋ ಮನೇಲಿ ಪಾಪ, ಹುಚ್ಚು ಅಂತ ತಿಳ್ಕೊಂಡು…”

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು. ಗ್ರಾಮಕ್ಕ ಎದ್ದು ನಿಂತಿದ್ದಳು, ಗರ ಬಡಿದವಳಂತೆ.

ಗೀಸರ್ ಇದ್ದದ್ದು ಬಚ್ಚಲಿಗೂ ಅತ್ತೆಯ ಕೋಣೆಗೂ ನಡುವಿನ ಗೂಡಿನಂಥ ಜಾಗದಲ್ಲಿ. ಅದಕ್ಕೆ ಹೊರಗೋಡೆಯಲ್ಲಿ ಒಂದು ಜಾಲಂಧ್ರ, ಒಳಗೋಡೆಯಲ್ಲಿ ಅತ್ತೆಯ ಮಂಚದ ಮೇಲಕ್ಕೆ ಒಂದು ಗವಾಕ್ಷಿ. ಹೊರಗಿನ ಜಾಲಂಧ್ರದಲ್ಲಿ ಪಾರಿವಾಳ ಗೂಡು ಕಟ್ಟಿ, ಅದರ ಪುಕ್ಕ, ಧೂಳು ಗವಾಕ್ಷಿಯಿಂದ ಅತ್ತೆಯ ಹಾಸಿಗೆಗೆ ಉದುರುತ್ತಿತ್ತು. ಅತ್ತೆ ಕೆಮ್ಮುತ್ತಾಳೆಂದು ಎಂಟು ತಿಂಗಳ ಹಿಂದೆ ಗ್ರಾಮಕ್ಕನೇ ಏಣಿ ಹತ್ತಿ, ಜಾಲಂಧ್ರಕ್ಕೆ ಹಲಗೆ ಒತ್ತಿ, ಸಂದಿಯನ್ನೆಲ್ಲ ಸಿಮೆಂಟಿನಿಂದ ಮೆತ್ತಿದ್ದಳು. ಇರುವೆಯೂ ನುಸುಳದ ಹಾಗೆ. ಅತ್ತೆ ಆ ದಿನ, “ನಿನ್ನ ಕೈಕೆಲಸ ಅಂದ್ರೆ ಕೈಕೆಲಸ ಕಣೇ” ಎಂದು ಹೊಗಳಿಯೂ ಇದ್ದಳು.

“ಸಾರ್,” ಅಂದಳು. “ತೂತು ಮುಚ್ಚಿದ್ದು ನಾನು ಸಾರ್. ಗೀಸರ್ ಈಗ ಉರೀತಿದೆ. ಒಳಗೆ ಅತ್ತೆ. ಚಿಲಕ ಹಾಕಿದೀನಿ.”

ಮೇಷ್ಟ್ರ ಮುಖದಿಂದ ಪಾಠ ಹೇಳುವ ಕಳೆ ಇಳಿದುಹೋಯಿತು. “ಓಡು! ಗ್ಯಾಸ್ ಆರಿಸು, ಬಾಗಿಲು ತೆಗಿ, ಮನುಷ್ಯರನ್ನ ಹೊರಗೆ ಎಳಿ. ಮನೆ ಗುರುತು ನಂಗೆ ಗೊತ್ತು, ಆಂಬುಲೆನ್ಸ್ ನಾನು ಕಳಿಸ್ತೀನಿ!”

ಓಡುತ್ತ ಗಂಡನಿಗೆ ನಾಲ್ಕು ಬಾರಿ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ಸತ್ತಿತು. ಕಾರ್ಖಾನೆಯಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಅವಳು ಎಷ್ಟು ನಿಮಿಷದಲ್ಲಿ ತಲುಪಿದಳೋ ಅವಳಿಗೇ ಗೊತ್ತಿಲ್ಲ. ಒಂದು ಚಪ್ಪಲಿ ಔಷಧಿ ಅಂಗಡಿಯ ಮುಂದೆ ಕಳಚಿತು. ಪರಿಚಯದ ಯಾರೋ ನಿಲ್ಲಿಸಿ ಏನೆಂದು ಕೇಳಿದರು. ಅವರನ್ನು ತಳ್ಳಿಕೊಂಡು ಹೋದಳು.

ಗಂಡ ಹಿತ್ತಲ ಮೆಟ್ಟಿಲ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಪಕ್ಕದಲ್ಲಿ ಹಿಂಡಿದ ಹೊದಿಕೆಗಳ ರಾಶಿ. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು.

“ಬಂದ್ಯಾ? ಒಂದು ಮಾತ್ರೆ ಕೊಡೇ, ತಲೆ ಸಿಡೀತಿದೆ…”

ಅವಳು ಅವನನ್ನು ದಾಟಿ ಒಳನುಗ್ಗಿದಳು. ಗೂಡಿನಲ್ಲಿ ಹಳದಿ ಉರಿ ನಾಲಿಗೆ ಚಾಚಿ ತೂಗಾಡುತ್ತಿತ್ತು. ಸಿಲಿಂಡರಿನ ಬಾಯಿ ತಿರುಗಿಸಿ ಆರಿಸಿದಳು. ಅತ್ತೆಯ ಬಾಗಿಲಿಗೆ ಬಂದಾಗ ಕೆಳಗಿನ ಸಂದಿಯಿಂದ ಏನೋ ಹೊರಗೆ ಚಾಚಿರುವುದು ಕಂಡಿತು. ಬಟ್ಟೆಯ ಚೂರು ಎಂದುಕೊಂಡಳು. ಬಟ್ಟೆಯಲ್ಲ, ಬೆರಳು. ನಾಲ್ಕು ಬೆರಳು.

ಆಗ ಅವಳ ಬಾಯಿಂದ ಬಂದ ಸದ್ದು ಕೂಗೂ ಅಲ್ಲ, ಅಳುವೂ ಅಲ್ಲ. ಆ ಸದ್ದು ಕೇಳಿಯೇ ತಾನು ಎದ್ದದ್ದು ಎಂದು ಗಂಡ ಆಮೇಲೆ ಹೇಳಿದ. ಚಿಲಕ ತೆಗೆದು, ಬಾಗಿಲಿಗೆ ಒರಗಿ ಬಿದ್ದಿದ್ದ ಮೈ ಹಿಂದಕ್ಕೆ ಸರಿಯುವಷ್ಟು ಮೆಲ್ಲಗೆ ತಳ್ಳಿ, ಗಂಡ ಹೆಂಡತಿ ಇಬ್ಬರೂ ಸೇರಿ ಅವಳನ್ನು ಅಂಗಳಕ್ಕೆ ಎಳೆದರು. ಅತ್ತೆಯ ಮುಖ ಕೆಂಪಗಿತ್ತು, ನಿದ್ದೆ ಹೋದ ಮಗುವಿನ ಕೆನ್ನೆಯ ಹಾಗೆ. ಆ ಗ್ಯಾಸು ಹಿಡಿದ ರಕ್ತದ ಕೆಂಪು ಅದು. ಉಸಿರಿತ್ತು. ಇದೆಯೋ ಇಲ್ಲವೋ ಎಂಬಷ್ಟು.

“ಕದ ಬಡಿದಳು ಕಣೇ,” ಗಂಡ ಬಡಬಡಿಸುತ್ತಿದ್ದ. “ನಂಗೆ ಕೇಳಿಸ್ತು. ದಿನಾ ಬಡೀತಾಳಲ್ಲ ಅಂತ… ನಾಳೆಯಿಂದ ಈ ಕಾಟ ಇರಲ್ಲ ಅಂತ ಅಂದ್ಕೊಂಡೆ. ಅಯ್ಯೋ, ಹಾಗಂತ ಅಂದ್ಕೊಂಡ್ನಲ್ಲೇ!”

ಆಂಬುಲೆನ್ಸ್ ಬಂತು. ಮೂಗು ಬಾಯಿಗೆ ಆಮ್ಲಜನಕದ ಮುಸುಕು ಹಾಕಿದರು. ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಗ್ರಾಮಕ್ಕ ತೊದಲಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮೂವರ ರಕ್ತವನ್ನೂ ತೆಗೆಸಿದಳು. ಒಂದು ಗಂಟೆಯ ಮೇಲೆ ಬಂದು ನಿಂತಳು.

“ನಿಮ್ಮತ್ತೆ ರಕ್ತದಲ್ಲಿ ನೂರಕ್ಕೆ ಮೂವತ್ತನಾಲ್ಕು ಭಾಗ ಆ ಗ್ಯಾಸೇ ಹಿಡಿದಿದೆ. ಇನ್ನು ಸ್ವಲ್ಪ ತಡ ಆಗಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗಿತ್ತು. ನಿಮ್ಮ ಯಜಮಾನ್ರದು ಹನ್ನೊಂದು. ಏನು ಕೆಲಸ ಅವರದ್ದು?”

“ಬಸ್ ಓಡಿಸ್ತಾರೆ.”

ಡಾಕ್ಟರಮ್ಮ ಕೈಯಲ್ಲಿದ್ದ ವರದಿಯನ್ನು ಮತ್ತೊಮ್ಮೆ ನೋಡಿದಳು. “ದಿನಾ ಬೆಳಿಗ್ಗೆ ಆ ಗೀಸರ್ ಉರಿಯೋ ಹೊತ್ತಲ್ಲೇ ಸ್ನಾನ ಮಾಡಿ ಹೋಗಿ?”

ಕಳೆದ ತಿಂಗಳು ತಿರುವಿನಲ್ಲಿ ಮಂಕು ಕವಿದಂತಾಗಿ ಬಸ್ಸು ಕಂಬಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ಗಂಡ ಮನೆಯಲ್ಲಿ ಹೇಳಿರಲಿಲ್ಲ. ಈಗ ಹೇಳಿದ. ಗ್ರಾಮಕ್ಕ ಕೇಳಿಸಿಕೊಂಡಳು. ಬೆಚ್ಚಿಬೀಳುವುದಕ್ಕೂ ಅವಳಲ್ಲಿ ಏನೂ ಉಳಿದಿರಲಿಲ್ಲ. ಒಂದು ಹಲಗೆ, ಎರಡು ಹಿಡಿ ಸಿಮೆಂಟು. ಅದರ ಹಿಂದೆ ಬಸ್ಸು ತುಂಬ ಜನ.

ನಾದಿನಿ ಮಧ್ಯಾಹ್ನ ಬಂದಳು. ಬರುವಾಗಲೇ ಕೆಂಡವಾಗಿ ಬಂದಿದ್ದಳು. ಗ್ರಾಮಕ್ಕ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. “ತೂತು ಮುಚ್ಚಿದ್ದು ನಾನು. ಚಿಲಕ ಹಾಕಿದ್ದು ನಾನು. ಅತ್ತೆ ಹೊರಗೆ ಹಾಕ್ರೋ ಅಂತ ಎಂಟು ತಿಂಗಳು ಕೂಗಿದ್ರು, ನಾನು ನಾಟಕ ಅಂದೆ. ನಮ್ಮನೇಲಿ ಏನೋ ಇದೆ ಅಂತ ನೀವು ಹೇಳಿದ್ರಿ. ಇತ್ತು.”

ಬೈಗುಳ ಹೊತ್ತು ಬಂದಿದ್ದ ನಾದಿನಿ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ನಿಂತಳು. “ನಾನು ಹೇಳಿದ್ದು ನಿಮ್ಮನ್ನ ಚುಚ್ಚೋಕೆ,” ಎಂದಳು ಕೊನೆಗೆ. “ನಿಜ ಅಂತ ನಂಗೂ ಅನ್ನಿಸಿರಲಿಲ್ಲ ಅತ್ತಿಗೆ. ಅನ್ನಿಸಿದ್ರೆ ಅಮ್ಮನ್ನ ವಾಪಸ್ ಕಳಿಸ್ತಿದ್ನಾ?” ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

ಅತ್ತೆ ಕಣ್ಣು ಬಿಟ್ಟದ್ದು ಸಂಜೆ ಐದಕ್ಕೆ. ಮಗನನ್ನು ಮಗನ ಹೆಸರಿನಿಂದಲೇ ಕರೆದಳು. ಮಗಳನ್ನು ಕಂಡು, “ನಿಂಗ್ಯಾರು ಹೇಳಿದ್ರು?” ಎಂದಳು. ಮುಸುಕಿನೊಳಗಿನಿಂದ ಗ್ರಾಮಕ್ಕನನ್ನು ಬಹಳ ಹೊತ್ತು ನೋಡಿದಳು. ಆ ನೋಟವನ್ನು ಗ್ರಾಮಕ್ಕ ತಲೆ ತಗ್ಗಿಸದೆ ತಡೆದುಕೊಂಡಳು. ತಡೆದುಕೊಂಡದ್ದಕ್ಕೆ ಎರಡು ದಿನ ಕತ್ತು ನೋಯುತ್ತಿತ್ತು.

ಸೋಮವಾರ ಬಂದ ಗಾಡಿಯನ್ನು ಗಂಡ ಬಾಗಿಲಿಂದಲೇ ವಾಪಸ್ ಕಳಿಸಿದ. ಗೀಸರ್ ಕಿತ್ತು ಹೊರಗೆಸೆದ. ಡಿಪೋಕ್ಕೆ ಹೋಗಿ, ವೈದ್ಯರು ಸರಿ ಎನ್ನುವವರೆಗೆ ಬಸ್ ಮುಟ್ಟುವುದಿಲ್ಲ ಎಂದು ತಾನೇ ಬರೆದುಕೊಟ್ಟ. ಗುರುವಾರ ಗ್ರಾಮಕ್ಕ ಪರೀಕ್ಷೆಗೆ ಕೂತಳು. ಮೇಷ್ಟ್ರು ಬಂದು, ಹೋಗದಿದ್ದರೆ ಕೈ ಹಿಡಿದು ಎಳೆದುಕೊಂಡು ಹೋಗುತ್ತೇನೆ ಎಂದದ್ದಕ್ಕೆ ಕೂತಳು. ಅರೆಬರೆ ದಹನದ ಬಗ್ಗೆ ಪ್ರಶ್ನೆಯಿತ್ತು, ಐದು ಅಂಕದ್ದು. ಉತ್ತರ ಕರಾರುವಾಕ್ಕಾಗಿ ಗೊತ್ತಿತ್ತು. ಸಮೀಕರಣದ ಎಡಭಾಗ ಬರೆದಳು. ಬಲಭಾಗಕ್ಕೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಮೂರು ಅಂಕ ಕಡಿಮೆಯಾಗಿ ಅನುತ್ತೀರ್ಣಳಾದಳು. ಆ ಕೆಲಸ ಬೇರೆಯವನಿಗೆ ಹೋಯಿತು. ಅವಳು ಮತ್ತೆ ತೂಕದ ಕೋಣೆಗೇ ಹೋದಳು. ತೂಕ ಮಾತ್ರ ಈಗ ಎರಡೆರಡು ಸಲ ನೋಡುತ್ತಾಳೆ. ಜೊತೆಯವರು ಅದನ್ನು ತಮಾಷೆ ಮಾಡುವುದಿಲ್ಲ.

ಅತ್ತೆ ಆಸ್ಪತ್ರೆಯಿಂದ ಮಗಳ ಮನೆಗೆ ಹೋದಳು. ಬಲಗೈ ಸ್ವಲ್ಪ ನಡುಗುವುದು ಉಳಿಯಿತು. ಉಳಿದಂತೆ ವಾರ ವಾರಕ್ಕೂ ಹಳೆಯ ನಾಲಿಗೆ ಮರಳುತ್ತಿದೆ ಎಂದು ನಾದಿನಿ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಏಳನೆಯ ವಾರ ಅತ್ತೆ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಬಂದು ಗ್ರಾಮಕ್ಕನ ಎದುರು ಕೂತಳು.

“ನಂಗೆ ಆ ಎಂಟು ತಿಂಗಳು ನೆನಪಿಲ್ಲ. ಚೂರುಪಾರು ಇದೆ, ಹೊಲಿಯೋಕೆ ಬರಲ್ಲ. ಮಗಳನ್ನ ಕೇಳಿದ್ರೆ ಅಳ್ತಾಳೆ, ಮಗನ್ನ ಕೇಳಿದ್ರೆ ಎದ್ದು ಹೋಗ್ತಾನೆ. ನೀನು ಹೇಳು. ಒಂದೂ ಬಿಡಬೇಡ.”

ಗ್ರಾಮಕ್ಕ ಹೇಳಿದಳು. ಏಣಿ ಹತ್ತಿದ್ದರಿಂದ ಹಿಡಿದು, ಬೈದದ್ದು, ಕೈ ಹಿಡಿದು ಜಗ್ಗಿದ್ದು, ಒಮ್ಮೆ ತಟ್ಟೆ ಕಿತ್ತುಕೊಂಡದ್ದು, ಕಾಗದಕ್ಕೆ ಸಹಿ ಹಾಕಲು ಗಂಡನ ಕೈಗೆ ಪೆನ್ನು ಕೊಟ್ಟದ್ದು, ಬಾಗಿಲ ಸಂದಿಯ ಬೆರಳುಗಳವರೆಗೆ. ಅತ್ತೆ ನಡುವೆ ಎರಡೇ ಸಲ ತಡೆದಳು. ಒಮ್ಮೆ “ತಟ್ಟೆ ಯಾಕೆ ಕಿತ್ಕೊಂಡೆ?” ಎಂದು ಕೇಳಿದಳು. ಇನ್ನೊಮ್ಮೆ “ನೀರು ಕುಡಿ” ಎಂದಳು.

ಹೇಳಿ ಮುಗಿದ ಮೇಲೆ ಗ್ರಾಮಕ್ಕ ಕಾಲು ಹಿಡಿಯಲು ಬಗ್ಗಿದಳು. ಅತ್ತೆ ಪಾದ ಹಿಂದಕ್ಕೆ ಎಳೆದುಕೊಂಡಳು.

“ಅದೆಲ್ಲ ಬೇಡ. ಸಾಯ್ಸಿದ್ದೂ ನೀನೇ, ಉಳಿಸಿದ್ದೂ ನೀನೇ ಅಂತ ಎಲ್ರೂ ಹೇಳ್ತಾರೆ. ಒಂದಕ್ಕೊಂದು ಸರಿಹೋಯ್ತು ಅಂತ ನಾನು ಹೇಳಲ್ಲ. ನಿನ್ನ ಮೇಲೆ ಸಿಟ್ಟಿದೆಯೋ ಇಲ್ವೋ ನಂಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ಬಾಯಿಬಿಟ್ಟು ಹೇಳ್ತೀನಿ. ಅಲ್ಲೀತನಕ ನಾನು ಮುಂದಿನ ಕೋಣೇಲಿ ಮಲಗ್ತೀನಿ, ಬೀದಿ ಕಡೆ ಕಿಟಕಿ ಇರೋದು. ನೀವಿಬ್ರೂ ಹಿಂದಿನದಕ್ಕೆ ಹೋಗಿ.”

“ಹೂಂ ಅತ್ತೆ,” ಎಂದು ಗ್ರಾಮಕ್ಕ ಎದ್ದು, ಮುಂದಿನ ಕೋಣೆಯಿಂದ ತಮ್ಮ ಹಾಸಿಗೆಯನ್ನು ಸುತ್ತತೊಡಗಿದಳು. ಅತ್ತೆ ಬಾಗಿಲಲ್ಲಿ ನಿಂತು, ಮಂಚವನ್ನು ಯಾವ ಗೋಡೆಗೆ ಸರಿಸಬೇಕೆಂದು ಬೆರಳು ತೋರಿಸಿದಳು.